ಗೇಮಿಂಗ್‌ಗೆ ಯಾವ ಲಿನಕ್ಸ್? ಮೊದಲು ನಿಮ್ಮ ಆಟಗಳ ಪಟ್ಟಿ ಬರೆಯಿರಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಎಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ಪೀಳಿಗೆಯ ಪ್ರೊಸೆಸರ್ ಬೇಕು. ಆದರೆ 6ನೇ ಪೀಳಿಗೆಯ ಐ5, ಜೊತೆಗೊಂದು ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್‌ಗಳು ನಮ್ಮ ಮನೆಗಳಲ್ಲಿ, ಹಾಸ್ಟೆಲ್‌ಗಳಲ್ಲಿ ಇನ್ನೂ ಎಷ್ಟೋ ಇವೆ. ಅವು ಕೆಟ್ಟಿಲ್ಲ. ಆಟ ಆಡಿಸುವ ತಾಕತ್ತೂ ಇದೆ. ಅಂಥ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ ನೋಡಿ.

‘ಲಿನಕ್ಸ್‌ನಲ್ಲಿ ಗೇಮ್ ಆಡೋಕಾಗಲ್ಲ’ ಎನ್ನುವ ಮಾತು ಹಳೆಯದು. 2018ರ ಆಗಸ್ಟ್‌ನಲ್ಲಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್ ನಡೆಸುವ ವಾಲ್ವ್ ಕಂಪನಿ ‘ಪ್ರೋಟಾನ್’ ಬಿಡುಗಡೆ ಮಾಡಿತು. ಇದು ವಿಂಡೋಸ್‌ಗೆಂದು ಬರೆದ ಆಟಗಳನ್ನು ಲಿನಕ್ಸ್‌ನಲ್ಲಿ ನಡೆಸುವ ಓಪನ್ ಸೋರ್ಸ್ ತಂತ್ರಾಂಶ. ಆಟವು ಡೈರೆಕ್ಟ್‌ಎಕ್ಸ್‌ನಲ್ಲಿ, ಅಂದರೆ ವಿಂಡೋಸ್‌ನ ಗ್ರಾಫಿಕ್ಸ್ ಭಾಷೆಯಲ್ಲಿ, ಕೇಳುವುದನ್ನೆಲ್ಲ ಇದರೊಳಗಿನ ಡಿಎಕ್ಸ್‌ವಿಕೆ, ವಿಕೆಡಿ3ಡಿ-ಪ್ರೋಟಾನ್ ಎಂಬ ಭಾಗಗಳು ಲಿನಕ್ಸ್‌ಗೂ ತಿಳಿಯುವ ವಲ್ಕನ್‌ಗೆ ಬದಲಿಸಿ ಗ್ರಾಫಿಕ್ಸ್ ಕಾರ್ಡ್‌ಗೆ ದಾಟಿಸುತ್ತವೆ. 2022ರ ಫೆಬ್ರವರಿಯಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ನಿಂತಿರುವುದೇ ಇದರ ಮೇಲೆ.

ಲಿನಕ್ಸ್ ಹಲವು ರೂಪಗಳಲ್ಲಿ ಸಿಗುತ್ತದೆ, ಅವಕ್ಕೆ ಡಿಸ್ಟ್ರೋ ಎನ್ನುತ್ತಾರೆ. ಪ್ರೋಟಾನ್ ಯಾವುದರಲ್ಲಾದರೂ ಒಂದೇ. ಹಾಗಾಗಿ ‘ಗೇಮಿಂಗ್‌ಗೆ ಬೆಸ್ಟ್ ಡಿಸ್ಟ್ರೋ ಯಾವುದು’ ಎಂಬಲ್ಲಿಂದ ಹುಡುಕಾಟ ಶುರು ಮಾಡಬೇಡಿ. ಮೊದಲು ಆಟ, ಆಮೇಲೆ ಗ್ರಾಫಿಕ್ಸ್ ಕಾರ್ಡ್, ಡಿಸ್ಟ್ರೋ ಕೊನೆಗೆ.

ಹಂತ 1: ಆಟಗಳ ಪಟ್ಟಿ

ನೀವು ನಿಜವಾಗಿ ಆಡುವ ಆಟಗಳನ್ನು ಬರೆದುಕೊಳ್ಳಿ. ಮುಂದೊಂದು ದಿನ ಆಡೋಣ ಎಂದು ಸೇಲ್‌ನಲ್ಲಿ ಕೊಂಡಿಟ್ಟವು ಬೇಡ. ನಂತರ ಪ್ರೋಟಾನ್‌ಡಿಬಿ ಜಾಲತಾಣದಲ್ಲಿ ಒಂದೊಂದೇ ಹೆಸರು ಹುಡುಕಿ. ಆಡಿದವರೇ ಅಲ್ಲಿ ವರದಿ ಬರೆದಿರುತ್ತಾರೆ. ಪ್ಲಾಟಿನಂ, ಗೋಲ್ಡ್ ಎಂದಿದ್ದರೆ ಚಿಂತೆ ಇಲ್ಲ. ಸಿಲ್ವರ್, ಬ್ರಾಂಜ್ ಎಂದಿದ್ದರೆ ವರದಿಗಳನ್ನು ಓದಿ. ಬೋರ್ಕ್ಡ್ ಎಂದಿದ್ದರೆ ಆ ಆಟ ನಡೆಯುವುದಿಲ್ಲ.

ಒಬ್ಬರೇ ಆಡುವ ಆಟಗಳಲ್ಲಿ ಬಹುಪಾಲು ಆರಾಮಾಗಿ ನಡೆಯುತ್ತವೆ. ವಿಚರ್ 3, ಸೈಬರ್‌ಪಂಕ್ 2077, ಎಲ್ಡನ್ ರಿಂಗ್, ಬಾಲ್ಡರ್ಸ್ ಗೇಟ್ 3 ಎಲ್ಲವೂ ಸರಿ. ಕೌಂಟರ್ ಸ್ಟ್ರೈಕ್ 2, ಡೋಟಾ 2, ಸ್ಟಾರ್‌ಡ್ಯೂ ವ್ಯಾಲಿಗೆ ಪ್ರೋಟಾನ್ ಕೂಡ ಬೇಡ, ಅವಕ್ಕೆ ಲಿನಕ್ಸ್ ಆವೃತ್ತಿಯೇ ಇದೆ. ಮೈನ್‌ಕ್ರಾಫ್ಟ್ ಜಾವಾ ಆವೃತ್ತಿಯೂ ಹಾಗೆಯೇ.

ತೊಂದರೆ ಇರುವುದು ಆನ್‌ಲೈನ್ ಪೈಪೋಟಿಯ ಆಟಗಳಲ್ಲಿ. ಮೋಸ ತಡೆಯಲು ಅವುಗಳಲ್ಲಿ ಆ್ಯಂಟಿ-ಚೀಟ್ ಇರುತ್ತದೆ. ಅದು ವಿಂಡೋಸ್‌ನ ತಿರುಳಾದ ಕರ್ನಲ್ ಮಟ್ಟಕ್ಕೇ ಇಳಿದು ಕಾವಲು ಕಾಯುವಂಥದ್ದಾದರೆ ಪ್ರೋಟಾನ್ ಕೈಲಿ ಏನೂ ಆಗುವುದಿಲ್ಲ. ವ್ಯಾಲೊರಂಟ್, ಲೀಗ್ ಆಫ್ ಲೆಜೆಂಡ್ಸ್, ಫೋರ್ಟ್‌ನೈಟ್, ಪಿಸಿಯ ಪಬ್‌ಜಿ, ರೇನ್‌ಬೋ ಸಿಕ್ಸ್ ಸೀಜ್, ಈಚಿನ ಕಾಲ್ ಆಫ್ ಡ್ಯೂಟಿಗಳು, ಬ್ಯಾಟಲ್‌ಫೀಲ್ಡ್ 6 ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ನಡೆಯುತ್ತಿದ್ದದ್ದು ನಿಂತ ಉದಾಹರಣೆಗಳೂ ಇವೆ. 2024ರಲ್ಲಿ ಏಪೆಕ್ಸ್ ಲೆಜೆಂಡ್ಸ್ ಲಿನಕ್ಸ್‌ಗೆ ಬಾಗಿಲು ಹಾಕಿತು. ಅದೇ ವರ್ಷ ಜಿಟಿಎ ಆನ್‌ಲೈನ್ ಕೂಡ ಕೈಬಿಟ್ಟಿತು. ಜಿಟಿಎ 5ರ ಕಥೆಯನ್ನು ಮಾತ್ರ ಈಗಲೂ ಆಡಬಹುದು.

ನೀವು ದಿನಾ ಸಂಜೆ ಗೆಳೆಯರ ಜೊತೆ ವ್ಯಾಲೊರಂಟ್ ಆಡುವವರು, ಬೇರೆ ಆಟ ಮುಟ್ಟುವವರೇ ಅಲ್ಲ ಎಂದಾದರೆ ವಿಂಡೋಸ್‌ನಲ್ಲೇ ಇರಿ. ಯಾವ ಡಿಸ್ಟ್ರೋ ಹಾಕಿದರೂ ಇದಕ್ಕೆ ಪರಿಹಾರವಿಲ್ಲ. ಎಕ್ಸ್‌ಬಾಕ್ಸ್ ಆ್ಯಪ್‌ನಿಂದ ಇಳಿಸಿಕೊಂಡು ಆಡುವ ಗೇಮ್‌ಪಾಸ್ ಆಟಗಳಿಗೂ ಇದೇ ಉತ್ತರ.

ಹಂತ 2: ಗ್ರಾಫಿಕ್ಸ್ ಕಾರ್ಡ್ ಯಾವುದು?

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ‘ಪರ್ಫಾರ್ಮೆನ್ಸ್’ ವಿಭಾಗದಲ್ಲಿ ಜಿಪಿಯು ಹೆಸರು ಸಿಗುತ್ತದೆ.

ಎಎಂಡಿ ಕಾರ್ಡ್ ಆದರೆ ನಿಮ್ಮ ಕೆಲಸ ಹಗುರ. ಅದರ ಡ್ರೈವರ್ ಲಿನಕ್ಸ್ ಜೊತೆಗೇ ಬರುತ್ತದೆ, ಬೇರೆ ಹಾಕಬೇಕಿಲ್ಲ. ಇಂಟೆಲ್‌ನದೂ ಹಾಗೆಯೇ.

ಎನ್ವಿಡಿಯಾ ಆದರೆ ಕಾರ್ಡಿನ ವಯಸ್ಸು ನೋಡಬೇಕು. ಜಿಟಿಎಕ್ಸ್ 16 ಸರಣಿ ಮತ್ತು ಎಲ್ಲ ಆರ್‌ಟಿಎಕ್ಸ್ ಕಾರ್ಡ್‌ಗಳಿಗೆ ಹೊಸ ಡ್ರೈವರ್ ಸಿಗುತ್ತಿದೆ. ಜಿಟಿಎಕ್ಸ್ 900 ಮತ್ತು 1000 ಸರಣಿಗೆ 580 ಸಂಖ್ಯೆಯ ಡ್ರೈವರ್ ಸಾಲೇ ಕೊನೆ. ಆ ಡ್ರೈವರ್‌ನಲ್ಲಿ ಆಟಗಳು ಚೆನ್ನಾಗಿಯೇ ನಡೆಯುತ್ತವೆ. ಆದರೆ ಎಲ್ಲವನ್ನೂ ಥಟ್ಟನೆ ಹೊಸದಕ್ಕೆ ಬದಲಿಸುವ ಡಿಸ್ಟ್ರೋ ಹಾಕಿದರೆ ಡ್ರೈವರ್ ಕೈಕೊಡಬಹುದು. ಇಂಥ ಕಾರ್ಡ್ ಇರುವವರು ನಿಧಾನವಾಗಿ ಬದಲಾಗುವ ಡಿಸ್ಟ್ರೋ ಆರಿಸಬೇಕು.

ಜಿಟಿ 710ರಂಥ ಕಾರ್ಡ್ ಇದ್ದವರಿಗೆ ನಿರಾಸೆ ಕಾದಿದೆ. ಪ್ರೋಟಾನ್ 8ರಿಂದ ಮುಂದಕ್ಕೆ ವಲ್ಕನ್ 1.3 ಬೇಕು. ಆ ಕಾರ್ಡ್‌ಗಳು 1.2ಕ್ಕೇ ನಿಲ್ಲುತ್ತವೆ. ಹಳೆಯ ಪ್ರೋಟಾನ್‌ನಲ್ಲಿ ಚಿಕ್ಕಪುಟ್ಟ ಆಟ ಆಡಬಹುದು, ಜಾಸ್ತಿ ನಿರೀಕ್ಷೆ ಬೇಡ. ಸೆಕೆಂಡ್ ಹ್ಯಾಂಡ್ ಕಾರ್ಡ್ ಹುಡುಕಿ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗುವವರು ಇದನ್ನು ನೆನಪಿಟ್ಟುಕೊಳ್ಳಿ. ಲಿನಕ್ಸ್‌ಗೆ ಎಂದಾದರೆ ಎಎಂಡಿಯ ಆರ್‌ಎಕ್ಸ್ 570 ಅಥವಾ 580 ಒಳ್ಳೆಯದು.

ಹಂತ 3: ಈಗ ಡಿಸ್ಟ್ರೋ

ಹೆಸರುಗಳು ನೂರಾರು ಇವೆ. ಹೊಸಬರಿಗೆ ನಾನು ಹೇಳುವುದು ಎರಡೇ.

ಒಂದು, ಲಿನಕ್ಸ್ ಮಿಂಟ್. ಅದೇ ಕಂಪ್ಯೂಟರ್‌ನಲ್ಲಿ ಓದು, ಬರಹ, ಬ್ಯಾಂಕು, ಆಟ ಎಲ್ಲ ಆಗಬೇಕು ಎನ್ನುವವರಿಗೆ ಇದು. ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು ಇರುವ ಪರದೆ, ವಿಂಡೋಸ್ ಬಳಸಿದವರಿಗೆ ಅಪರಿಚಿತ ಅನ್ನಿಸುವುದಿಲ್ಲ. ಎನ್ವಿಡಿಯಾ ಡ್ರೈವರ್ ಹಾಕಲು ‘ಡ್ರೈವರ್ ಮ್ಯಾನೇಜರ್’ ಇದೆ, ಕಮಾಂಡ್ ಟೈಪ್ ಮಾಡಬೇಕಿಲ್ಲ. ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ‘ಟೈಮ್‌ಶಿಫ್ಟ್’ ಇದೆ. ಮಿಂಟ್ 22 ಸರಣಿಗೆ 2029ರವರೆಗೆ ಬೆಂಬಲ. ಜಿಟಿಎಕ್ಸ್ 900, 1000 ಸರಣಿಯವರು ಕಣ್ಣುಮುಚ್ಚಿ ಇದನ್ನೇ ಹಾಕಿ.

‘ಮಿಂಟ್ ಗೇಮಿಂಗ್‌ಗಲ್ಲ’ ಎಂದು ಹೇಳುವವರು ಸಿಗುತ್ತಾರೆ. ಆ ಮಾತಿನಲ್ಲಿ ನಿಜ ಇರುವುದು ತೀರಾ ಹೊಸ ಕಾರ್ಡ್‌ಗಳ ವಿಷಯದಲ್ಲಿ ಮಾತ್ರ. 2025ರಲ್ಲಿ ಬಂದ ಆರ್‌ಎಕ್ಸ್ 9070ಯಂಥ ಕಾರ್ಡ್‌ಗೆ ಹೊಸ ಕರ್ನಲ್ ಬೇಕು, ಮಿಂಟ್‌ಗೆ ಅದು ತಡವಾಗಿ ಬರುತ್ತದೆ.

ಇನ್ನೊಂದು, ಬಜೈಟ್. ಕಂಪ್ಯೂಟರ್ ಇರುವುದೇ ಆಟಕ್ಕೆ ಎನ್ನುವವರಿಗೆ ಇದು. ಫೆಡೋರಾ ಎಂಬ ಡಿಸ್ಟ್ರೋ ಮೇಲೆ ಕಟ್ಟಿದ್ದು. ಸ್ಟೀಮ್ ಮೊದಲೇ ಇರುತ್ತದೆ. ಎನ್ವಿಡಿಯಾ ಆವೃತ್ತಿ ಇಳಿಸಿಕೊಂಡರೆ ಡ್ರೈವರ್ ಕೂಡ ಇರುತ್ತದೆ. ಇದರ ದೊಡ್ಡ ಗುಣ ಬೇರೆಯದು. ವ್ಯವಸ್ಥೆಯ ಮುಖ್ಯ ಕಡತಗಳನ್ನು ನೀವು ಅಕಸ್ಮಾತ್ ಕೆಡಿಸಲು ಆಗುವುದಿಲ್ಲ. ಅಪ್‌ಡೇಟ್ ಇಡಿಯಾಗಿ ಬರುತ್ತದೆ. ಬಂದದ್ದು ಸರಿಯಿಲ್ಲದಿದ್ದರೆ ಕಂಪ್ಯೂಟರ್ ಶುರುವಾಗುವಾಗ ಹಿಂದಿನ ಆವೃತ್ತಿ ಆರಿಸಿದರೆ ಆಯಿತು. ಟಿವಿಗೆ ಜೋಡಿಸಿ ಕಂಟ್ರೋಲರ್ ಹಿಡಿದು ಆಡುವವರಿಗೆ, ಹೊಸ ಎಎಂಡಿ ಕಾರ್ಡ್ ಇರುವವರಿಗೆ ಇದು ಮಿಂಟ್‌ಗಿಂತ ಒಳ್ಳೆಯದು. ಆದರೆ ಆ್ಯಪ್‌ಗಳನ್ನು ಯಾವ ಡಿಸ್ಟ್ರೋದಲ್ಲೂ ನಡೆಯುವ ಫ್ಲಾಟ್‌ಪ್ಯಾಕ್ ಎಂಬ ಪ್ಯಾಕೇಜ್ ಮೂಲಕ ಹಾಕುವುದು ಇಲ್ಲಿನ ಕ್ರಮ. ಉಬುಂಟು ಎಂಬ ಇನ್ನೊಂದು ಡಿಸ್ಟ್ರೋಗೆಂದು ಬರೆದ ಸಲಹೆಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ವಾಲ್ವ್‌ನದೇ ಲಿನಕ್ಸ್ ಆದ ಸ್ಟೀಮ್‌ಓಎಸ್‌ನ ಆಸೆ ಸಹಜ. ಅದು ಸ್ಟೀಮ್ ಡೆಕ್, ಲೀಜನ್ ಗೋ ಎಸ್‌ನಂಥ ಕೈಯಲ್ಲಿ ಹಿಡಿಯುವ ಸಾಧನಗಳಿಗೆ ತಯಾರಾದದ್ದು. ಎನ್ವಿಡಿಯಾ ಕಾರ್ಡ್‌ನ ಪಿಸಿಗೆ ಅದು ಬೇಡ. ಕ್ಯಾಷಿಓಎಸ್ ಎಂಬ ಡಿಸ್ಟ್ರೋ ವೇಗದ್ದು, ನಿಜ. ಆದರೆ ಆರ್ಚ್ ಲಿನಕ್ಸ್ ಕುಟುಂಬದ್ದು, ಅಪ್‌ಡೇಟ್‌ಗಳು ಎಡೆಬಿಡದೆ ಬರುತ್ತವೆ. ಅದು ಎರಡನೇ ಲಿನಕ್ಸ್ ಆಗಲಿ.

ಹಂತ 4: ಪೆನ್‌ಡ್ರೈವ್ ಮತ್ತು ತಯಾರಿ

ಮಿಂಟ್‌ನ ಐಎಸ್‌ಒ, ಅಂದರೆ ಇನ್‌ಸ್ಟಾಲ್ ಮಾಡುವ ಕಡತ, ಸುಮಾರು 3 ಜಿಬಿ. 8 ಜಿಬಿ ಪೆನ್‌ಡ್ರೈವ್ ಸಾಕು. ಬಜೈಟ್ ದೊಡ್ಡದು, 16 ಜಿಬಿಯದು ಇಟ್ಟುಕೊಳ್ಳಿ. ಅಧಿಕೃತ ತಾಣದಿಂದಲೇ ಇಳಿಸಿಕೊಂಡು ರೂಫಸ್ ಅಥವಾ ಬಲೆನಾ ಎಚರ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆಯಿರಿ. ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ.

ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುವವರು ಎರಡು ಕೆಲಸ ತಪ್ಪದೆ ಮಾಡಿ. ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಂಡು ಬಿಟ್‌ಲಾಕರನ್ನು ಆಫ್ ಮಾಡಿ. ಪವರ್ ಆಯ್ಕೆಗಳಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿ. ಫೋಟೊ, ದಾಖಲೆಗಳ ನಕಲು ಬೇರೆ ಡಿಸ್ಕ್‌ನಲ್ಲಿರಲಿ. ಸಾಧ್ಯವಿದ್ದರೆ ಲಿನಕ್ಸ್‌ಗೆ ಪ್ರತ್ಯೇಕ ಎಸ್‌ಎಸ್‌ಡಿ ಹಾಕಿಸಿ. ಎರಡೂ ಒಂದಕ್ಕೊಂದು ತಾಗದೆ ಇರುತ್ತವೆ.

ಹಂತ 5: ಹಾಕುವ ಮೊದಲು ಪರೀಕ್ಷೆ

ಕಂಪ್ಯೂಟರ್ ಶುರುವಾಗುವಾಗ ಎಫ್12, ಎಫ್2, ಎಸ್ಕೇಪ್ ಅಥವಾ ಡಿಲೀಟ್ ಕೀಲಿ ಒತ್ತಿ ಪೆನ್‌ಡ್ರೈವ್ ಆರಿಸಿ. ಯಾವ ಕೀಲಿ ಎಂಬುದು ಕಂಪನಿಗೊಂದು ಥರ. ಮಿಂಟ್ ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ನಡೆಯುತ್ತದೆ. ವೈಫೈ, ಸೌಂಡ್, ಬ್ಲೂಟೂತ್, ಕಂಟ್ರೋಲರ್ ಎಲ್ಲ ನೋಡಿಕೊಳ್ಳಿ. ವೈಫೈ ಸಿಗದಿದ್ದರೆ ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಕೊಡಿ. ಈ ಹಂತದಲ್ಲಿ ಆಟದ ವೇಗ ಅಳೆಯಬೇಡಿ, ಎನ್ವಿಡಿಯಾ ಡ್ರೈವರ್ ಇನ್ನೂ ಬಂದಿರುವುದಿಲ್ಲ.

ಎಲ್ಲ ಸರಿ ಇದ್ದರೆ ಇನ್‌ಸ್ಟಾಲ್ ಮಾಡಿ. ಅರ್ಧದಲ್ಲಿ ಕರೆಂಟ್ ಹೋದರೆ ಕಷ್ಟ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇರಲಿ.

ಹಂತ 6: ಡ್ರೈವರ್, ಸ್ಟೀಮ್

ಮಿಂಟ್‌ನಲ್ಲಿ ಮೊದಲು ಎಲ್ಲ ಅಪ್‌ಡೇಟ್ ಹಾಕಿ, ನಂತರ ಡ್ರೈವರ್ ಮ್ಯಾನೇಜರ್‌ನಲ್ಲಿ ‘ರೆಕಮೆಂಡೆಡ್’ ಎಂದಿರುವುದನ್ನು ಆರಿಸಿ. ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಗಾಬರಿ ಬೇಡ. ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಅದನ್ನು ಬಿಟ್ಟು ಮುಂದೆ ಹೋದರೆ ಡ್ರೈವರ್ ಕೆಲಸ ಮಾಡುವುದಿಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಸ್ಟೀಮ್ ಎರಡು ರೂಪದಲ್ಲಿ ಸಿಗುತ್ತದೆ. ಫ್ಲಾಟ್‌ಪ್ಯಾಕ್ ಬಿಟ್ಟು ಸಿಸ್ಟಮ್ ಪ್ಯಾಕೇಜ್ ಹಾಕಿ. ಎಪಿಕ್, ಜಿಒಜಿಯಲ್ಲಿ ಕೊಂಡ ಆಟಗಳಿಗೆ ‘ಹೀರೋಯಿಕ್ ಗೇಮ್ಸ್ ಲಾಂಚರ್’ ಇದೆ.

ವಿಂಡೋಸ್‌ನ ಎನ್‌ಟಿಎಫ್‌ಎಸ್ ಡ್ರೈವ್‌ನಲ್ಲಿರುವ ಆಟಗಳನ್ನು ಅಲ್ಲಿಂದಲೇ ನಡೆಸುವ ಆಸೆ ಎಲ್ಲರಿಗೂ ಬರುತ್ತದೆ, ಅಲ್ವಾ? ಬೇಡ. ಪ್ರೋಟಾನ್‌ಗೆ ಅಲ್ಲಿ ಏನಾದರೊಂದು ತಕರಾರು ಬಂದೇ ಬರುತ್ತದೆ. 100 ಜಿಬಿ ಮತ್ತೆ ಇಳಿಸಿಕೊಳ್ಳುವ ಡೇಟಾ ಇಲ್ಲದವರು ವಿಂಡೋಸ್‌ನ ಸ್ಟೀಮ್‌ನಲ್ಲೇ ಆಟದ ಬ್ಯಾಕಪ್ ತೆಗೆದು, ಲಿನಕ್ಸ್‌ನ ಡ್ರೈವ್‌ಗೆ ಮರಳಿ ಹಾಕಿಕೊಳ್ಳಬಹುದು.

ಮೊದಲ ಸಲ ಆಟ ತೆರೆದಾಗ ‘ಪ್ರೊಸೆಸಿಂಗ್ ವಲ್ಕನ್ ಶೇಡರ್ಸ್’ ಎಂದು ತಡವಾಗುತ್ತದೆ. ಕಾಯಿರಿ. ಆಮೇಲೆ ಆಟ ಜರ್ಕ್ ಹೊಡೆಯುವುದು ಕಡಿಮೆಯಾಗುತ್ತದೆ.

ಆಟ ತೆರೆಯದಿದ್ದರೆ

ಸ್ಟೀಮ್‌ನಲ್ಲಿ ಆಟದ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ. ‘ಕಂಪ್ಯಾಟಿಬಿಲಿಟಿ’ಯಲ್ಲಿ ಬೇರೆ ಪ್ರೋಟಾನ್ ಆವೃತ್ತಿ ಆರಿಸಿ ನೋಡಿ. ಆಗಲೂ ಆಗದಿದ್ದರೆ ‘ಪ್ರೋಟಾನ್‌ಅಪ್-ಕ್ಯೂಟಿ’ ಆ್ಯಪ್ ಮೂಲಕ ಬೇರೆಯವರು ತಿದ್ದಿದ ಜಿಇ-ಪ್ರೋಟಾನ್ ಆವೃತ್ತಿ ಹಾಕಿ. ಆಟದ ನಡುವಿನ ವಿಡಿಯೊ ಕಪ್ಪಾಗಿ ಕಂಡರೆ ಇದು ಎಷ್ಟೋ ಸಲ ಸರಿಮಾಡುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಮತ್ತು ಎನ್ವಿಡಿಯಾ ಎರಡೂ ಇದ್ದು ಆಟ ತೀರಾ ನಿಧಾನ ಎನಿಸಿದರೆ, ಅದು ಇಂಟೆಲ್‌ನಲ್ಲೇ ನಡೆಯುತ್ತಿರಬಹುದು. ಮಿಂಟ್‌ನ ಕೆಳಪಟ್ಟಿಯಲ್ಲಿರುವ ಎನ್ವಿಡಿಯಾ ಗುರುತನ್ನು ಒತ್ತಿ ಪರ್ಫಾರ್ಮೆನ್ಸ್ ಮೋಡ್‌ಗೆ ಬದಲಿಸಿ, ಲಾಗ್ಔಟ್ ಆಗಿ ಬನ್ನಿ. ‘ಮ್ಯಾಂಗೋಹಡ್’ ಹಾಕಿಕೊಂಡರೆ ಯಾವ ಕಾರ್ಡ್ ದುಡಿಯುತ್ತಿದೆ, ಎಷ್ಟು ಫ್ರೇಮ್ ಬರುತ್ತಿದೆ ಎಂಬುದು ಪರದೆಯ ಮೂಲೆಯಲ್ಲೇ ಕಾಣುತ್ತದೆ.

ಯಾವುದೋ ಒಂದು ಆಟ ನಡೆಯಲಿಲ್ಲ ಎಂದು ಡಿಸ್ಟ್ರೋ ಬದಲಿಸಲು ಹೋಗಬೇಡಿ. ಸುಮ್ನೆ ಸಮಯ ಹಾಳು. ಅದರ ಬದಲು ಪ್ರೋಟಾನ್‌ಡಿಬಿಯಲ್ಲಿ ನಿಮ್ಮದೇ ಕಾರ್ಡ್ ಇರುವವರ ವರದಿ ಹುಡುಕಿ. ಅವರು ಯಾವ ಪ್ರೋಟಾನ್ ಬಳಸಿದರು, ಆಟದ ಪ್ರಾಪರ್ಟೀಸ್‌ನಲ್ಲಿರುವ ಲಾಂಚ್ ಆಪ್ಷನ್ಸ್‌ನಲ್ಲಿ ಏನು ಬರೆದರು ಎಂಬುದನ್ನು ಹಾಗೆಯೇ ಮಾಡಿ ನೋಡಿ. ಆಟ ನಡೆದರೆ ನೀವೂ ಅಲ್ಲಿ ಒಂದು ವರದಿ ಹಾಕಿ. 1050 ಟಿಐಯಂಥ ಹಳೆಯ ಕಾರ್ಡ್‌ನಲ್ಲಿ ಆಡಿದವರ ವರದಿ ಇನ್ನೊಬ್ಬರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.