ಚಿಂಪಾಂಜಿ ಸಿನಿಮಾ, ಮೊದಲು ಸೌಂಡ್ ಇಲ್ಲದೆ

ನಮ್ಮ ಬಡಾವಣೆಯ ಮಕ್ಕಳಿಗೆ, ಅಪ್ಪ ಅಮ್ಮ ಅಜ್ಜಿಯರ ಸಮೇತ ಕೂರಿಸಿ, ಆಗಾಗ ಪ್ರಾಣಿಗಳ ಸಿನಿಮಾ ತೋರಿಸುತ್ತೇನೆ. ಈ ಸಲ ಹಾಕಿದ್ದು 2012ರ ಡಿಸ್ನಿನೇಚರ್ ಸಿನಿಮಾ 'ಚಿಂಪಾಂಜಿ'. ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿರುವ 'ತಾಯ್' ಅನ್ನುವ ಕಾಡಿನ ಕತೆ. ಆಸ್ಕರ್ ಅನ್ನುವ ಮರಿಗೆ ತಾಯಿ ಇಲ್ಲದಾಗುತ್ತದೆ, ಗುಂಪಿನ ಯಜಮಾನ ಫ್ರೆಡ್ಡಿ ಅದನ್ನು ಸಾಕಿಕೊಳ್ಳುತ್ತದೆ.

ಸುಮ್ನೆ ಹಾಕಿಬಿಟ್ಟರೆ ಎಲ್ಲರೂ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ. ಇಂಥ ಸಿನಿಮಾಗಳಲ್ಲಿ ಹಿನ್ನೆಲೆ ದನಿಯೇ ಎಲ್ಲ ಹೇಳಿಬಿಡುತ್ತದೆ, ಇದಕ್ಕೆ ಬೇಜಾರು, ಅದಕ್ಕೆ ಸೊಕ್ಕು, ಇವರು ಒಳ್ಳೆಯವರು, ಅವರು ಪುಂಡರು ಅಂತ, ನಮ್ಮ ಕಣ್ಣಿಗೆ ಕೆಲಸವೇ ಇರುವುದಿಲ್ಲ. ಹಾಗಾಗಿ ಕೆಲವು ಭಾಗಗಳನ್ನು ಮೊದಲು ಸೌಂಡ್ ತೆಗೆದು ತೋರಿಸಿದೆ. ಪ್ರತಿ ಮನೆಯವರಿಗೂ ಒಂದೊಂದು ಹಾಳೆ. ಎಡಗಡೆ 'ಏನು ಮಾಡಿತು', ಬಲಗಡೆ 'ಯಾಕೆ ಅಂತ ಅನಿಸಿತು'. ಎಡಗಡೆ ತುಂಬದೆ ಬಲಗಡೆ ಬರೆಯುವ ಹಾಗಿಲ್ಲ.

ಕಾಯಿ ಒಡೆಯುವ ಭಾಗವನ್ನು ಎರಡೆರಡು ಸಲ ಹಾಕಿದೆ. ಇಲ್ಲಿನ ಚಿಂಪಾಂಜಿಗಳು ಗಟ್ಟಿ ಕಾಯಿಯನ್ನು ಮರದ ಬೇರಿನ ಮೇಲಿಟ್ಟು ಕಲ್ಲಿನಿಂದಲೋ ಕೊರಡಿನಿಂದಲೋ ಜಜ್ಜುತ್ತವೆ. ಮೊದಲ ಸಲ ತುಂಬಾ ಜನ ಎಡಗಡೆ 'ಜಾಣ' ಅಂತ ಬರೆದರು. ಎರಡನೇ ಸಲ ಬಂದದ್ದು ನೋಡಿ: ಕಾಯಿ ಜಾರಿತು, ಮತ್ತೆ ಇಟ್ಟಿತು, ಮರಿ ಅಮ್ಮನ ಕೈಯನ್ನೇ ನೋಡುತ್ತಿತ್ತು. ಮರಿಗಳಿಗೆ ಈ ಕೆಲಸ ಕೈಹತ್ತಲು ವರ್ಷಗಟ್ಟಲೆ ಬೇಕು. ಟಾಂಜಾನಿಯಾದ 'ಗೊಂಬೆ' ಅನ್ನುವ ಕಾಡಿನಲ್ಲಿ ಚಿಂಪಾಂಜಿಗಳು ಹೀಗೆ ಕಲ್ಲಿನಲ್ಲಿ ಕಾಯಿ ಒಡೆಯುವುದಿಲ್ಲ, ಅವು ಹುಲ್ಲುಕಡ್ಡಿ ತೂರಿಸಿ ಗೆದ್ದಲು ಹಿಡಿಯುತ್ತವೆ, ಚಿಂಪಾಂಜಿ ಸಂಶೋಧಕಿ ಜೇನ್ ಗುಡಾಲ್ 1960ರಲ್ಲಿ ಕಂಡದ್ದು ಅದನ್ನೇ. "ಹಂಗಾದ್ರೆ ಇದು ಹುಟ್ಟಿನಿಂದ ಬರೋದಲ್ಲ, ನೋಡಿ ಕಲಿಯೋದು ಅಲ್ವಾ?" ಅಂದರು ಒಬ್ಬ ಅಪ್ಪ.

ಫ್ರೆಡ್ಡಿ ಭಾಗ ಬಂದಾಗ ಗಲಾಟೆ ಜಾಸ್ತಿ ಆಯಿತು. "ಪಾಪ, ಅದಕ್ಕೂ ಕರುಳು ಚುರ್ ಅಂತು" ಅಂದರು ಒಬ್ಬ ಅಜ್ಜಿ. "ಅಜ್ಜೀ, ಅದು ಬಲಗಡೆ!" ಅಂತ ಮೊಮ್ಮಗಳು. ಸರಿ, ಎಡಗಡೆ ಏನು? ಬೆನ್ನ ಮೇಲೆ ಹೊತ್ತಿತು, ಕಾಯಿ ಹಂಚಿಕೊಂಡಿತು, ಮೈ ಹೆಕ್ಕಿತು. ತನ್ನದೇ ಮರಿ ಇರಬೇಕು ಅಂದರು ಕೆಲವರು. ಆದರೆ ಇದೇ ತಾಯ್ ಕಾಡಿನಲ್ಲಿ ದಶಕಗಟ್ಟಲೆ ಕೆಲಸ ಮಾಡಿದ ಸಂಶೋಧಕ ಕ್ರಿಸ್ಟೋಫ್ ಬೋಶ್ ಮತ್ತು ತಂಡದವರು 2010ರಲ್ಲಿ ಇಂಥ 18 ದತ್ತುಗಳ ಬಗ್ಗೆ ಬರೆದಿದ್ದಾರೆ. ಅದರಲ್ಲಿ ಅರ್ಧ ಗಂಡುಗಳು ಮಾಡಿದ್ದು, ಆ ಗಂಡುಗಳಲ್ಲಿ ಮರಿಯ ನಿಜವಾದ ಅಪ್ಪ ಒಂದೇ ಒಂದು. ಹಾಗಾಗಿ ಅಜ್ಜಿಯ ಮಾತನ್ನು ಹೊಡೆದುಹಾಕಲು ನನ್ನ ಕೈಲಿ ಆಗಲಿಲ್ಲ. ಬಲಗಡೆ ಹಾಗೇ ಇರಲಿ ಅಂದೆ.

ಸಿನಿಮಾದಲ್ಲಿ ಬರುವ ಎದುರಾಳಿ ಚಿಂಪಾಂಜಿ ಗುಂಪಿನ ದೃಶ್ಯಗಳು ತಾಯ್ ಕಾಡಿನವಲ್ಲ, ಉಗಾಂಡದಲ್ಲಿ ತೆಗೆದು ಜೋಡಿಸಿದ್ದು. ಇದನ್ನು ಮುಗಿದ ಮೇಲೆ ಹೇಳಿದೆ, ಮಕ್ಕಳಿಗೆ ಸಿಟ್ಟೇ ಬಂತು. ಬರಲಿ ಬಿಡಿ.

ಈಗ ನಮ್ಮ ಟೆರೇಸಿನ ಮಂಗಗಳನ್ನು ನೋಡಿ ತುಂಬಲು ಎಲ್ಲರಿಗೂ ಅದೇ ಹಾಳೆ ಕೊಟ್ಟಿದ್ದೇನೆ. ಬಂಡೀಪುರದ ಮಂಗಗಳು 'ಕೂ' ಅಂತ ಕೂಗಿ, ಕೈ ಚಾಚಿ ಜನರ ಹತ್ತಿರ ತಿಂಡಿ ಕೇಳುವುದನ್ನು, ಎದುರಿನವರ ಗಮನ ತಮ್ಮ ಕಡೆ ಇದೆಯಾ ಅಂತ ನೋಡಿಕೊಳ್ಳುವುದನ್ನು, ಸಂಶೋಧಕ ಅನಿಂದ್ಯ ಸಿನ್ಹಾ ಮತ್ತು ಜೊತೆಗಾರರು 2018ರಲ್ಲಿ ದಾಖಲಿಸಿದ್ದಾರೆ. ನಮ್ಮವೂ ಹಾಗೆ ಕೇಳುತ್ತವಾ ನೋಡಬೇಕು. ಷರತ್ತು ಎರಡೇ: ತಿನ್ನಲು ಏನೂ ಕೊಡಬಾರದು, ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಬಾರದು, ಅವಕ್ಕೆ ಅದು ಬೆದರಿಕೆ. ಕಿಟಕಿಯ ಒಳಗಿಂದ ನೋಡಿದರೆ ಸಾಕು.