ಮರುಭೂಮಿಯಲ್ಲಿ ಟೆಂಟ್: ಮರಳಿಗೆ ಗೂಟ ಹೊಡೆಯಬೇಡಿ

ಬಳ್ಳಾರಿ, ರಾಯಚೂರು ಕಡೆಯವರಿಗೆ ಬಿಸಿಲಿನ ಪಾಠ ಬೇಕಿಲ್ಲ. ಜೈಸಲ್ಮೇರ್‌ಗೆ ಹೋದ ನಮ್ಮ ಜನ ಒದ್ದಾಡುವುದು ಕತ್ತಲಾದ ಮೇಲೆ: ಗಾಳಿಗೆ ಟೆಂಟು ಕಿತ್ತುಬರುತ್ತದೆ, ಚಳಿಗೆ ಹಲ್ಲು ಕಟಕಟ ಅನ್ನುತ್ತವೆ.

ಹೋಗಲು ನವೆಂಬರ್‌ನಿಂದ ಫೆಬ್ರುವರಿ ಸರಿಯಾದ ಕಾಲ. ಹುಬ್ಬಳ್ಳಿಯಲ್ಲಿ ಬೆಂಗಳೂರು–ಜೋಧಪುರ ರೈಲು ಹತ್ತಿ, ಜೋಧಪುರದಿಂದ ಮುಂದಕ್ಕೆ ರೈಲೂ ಉಂಟು, ಬಸ್ಸೂ ಉಂಟು.

3,162 ಚದರ ಕಿ.ಮೀ. ಹರಡಿರುವ ಮರುಭೂಮಿ ರಾಷ್ಟ್ರೀಯ ಉದ್ಯಾನದೊಳಗೆ ಕಂಡಲ್ಲಿ ಟೆಂಟ್ ಹಾಕುವಂತಿಲ್ಲ. ಸುದಾಸರಿ ಭಾಗವನ್ನು ಹಗಲು ನೋಡಿ ಹೊರಬನ್ನಿ. ಅನುಮತಿಯನ್ನು ಜೈಸಲ್ಮೇರ್‌ನ ಅರಣ್ಯ ಇಲಾಖೆ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಗಡಿ ಹತ್ತಿರವಿರುವುದರಿಂದ ಅಸಲಿ ಗುರುತಿನ ಚೀಟಿ ಜೇಬಲ್ಲಿರಲಿ. ಫೋಟೊ ಆಸೆಗೆ ಜೀಪನ್ನು ಹಾದಿ ಬಿಟ್ಟು ಇಳಿಸು ಎಂದು ಚಾಲಕನ ಬೆನ್ನು ಹತ್ತಬೇಡಿ. ನಮ್ಮ ಸಿರುಗುಪ್ಪದ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ಈ ಉದ್ಯಾನವೇ ದೊಡ್ಡ ನೆಲೆ. ಬರಿ ನೆಲದ ಮೇಲೆ ಅದು ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ.

ರಾತ್ರಿಗೆ ಸಮ್ ಎಂಬಲ್ಲಿನ ಮರಳು ದಿಬ್ಬಗಳ ಕ್ಯಾಂಪುಗಳು ಬೇಡ, ಡಿಜೆ ಸದ್ದು ನಿದ್ದೆಗೆಡಿಸುತ್ತದೆ. ಖುರಿ ಹಳ್ಳಿಯ ಕಡೆ ಹೋಗಿ, ಜಾಗದವರನ್ನು ಕೇಳಿಯೇ ಟೆಂಟ್ ಹಾಕಿ.

ಇನ್ನು ಎಲ್ಲರೂ ಎಡವುವ ಕೆಲಸ. ಎರೆ ಮಣ್ಣು ಗೂಟವನ್ನು ಕಚ್ಚಿ ಹಿಡಿಯುತ್ತದೆ, ಒಣ ಮರಳು ಹಿಡಿಯುವುದಿಲ್ಲ. ಟೆಂಟಿನ ಜೊತೆ ಬರುವ ತಂತಿ ಗೂಟಗಳನ್ನು ಮನೆಯಲ್ಲೇ ಬಿಡಿ. ಐದು ಕೆ.ಜಿ. ಅಕ್ಕಿಯ ಖಾಲಿ ಚೀಲ ಎಂಟು ಒಯ್ಯಿರಿ: ನಾಲ್ಕು ಮೂಲೆಗೆ, ನಾಲ್ಕು ಎಳೆಹಗ್ಗಕ್ಕೆ. ಮುಕ್ಕಾಲು ಮರಳು ತುಂಬಿ ಬಾಯಿ ಕಟ್ಟಿ, ಚೀಲದ ನಡುವಿಗೆ ಹಗ್ಗ ಬಿಗಿಯಿರಿ. ಹಗ್ಗ ಪ್ರತಿಯೊಂದಕ್ಕೂ ಐದಡಿ ಹೆಚ್ಚಿಗೆ ಬೇಕು. ಒಂದೂವರೆ ಅಡಿ ಗುಂಡಿ ತೋಡಿ, ಹಗ್ಗ ಎಳೆಯುವ ದಿಕ್ಕಿಗೆ ಚೀಲವನ್ನು ಅಡ್ಡಡ್ಡ ಮಲಗಿಸಿ. ಗುಂಡಿಯಿಂದ ಟೆಂಟಿನ ಕಡೆಗೆ ಹಗ್ಗ ಓರೆಯಾಗಿ ಹೊರಬರಲು ಒಂದು ಸಣ್ಣ ಕಾಲುವೆ ಕೊರೆಯಲೇಬೇಕು. ಇದನ್ನು ಬಿಟ್ಟರೆ ಬಿಗಿದಾಗೆಲ್ಲ ಹಗ್ಗ ಚೀಲವನ್ನು ಮೇಲಕ್ಕೆತ್ತುತ್ತದೆ, ಅರ್ಧ ರಾತ್ರಿಗೆ ಟೆಂಟು ಸಡಿಲ. ಮರಳು ಮುಚ್ಚಿ ಕಾಲಲ್ಲಿ ತುಳಿಯಿರಿ. ಗಂಟು ಮಾತ್ರ ಮೇಲೆ, ಕೈಗೆ ಸಿಗುವಂತಿರಲಿ.

ಕೋಲು ಎಬ್ಬಿಸುವ ಮೊದಲೇ ಗಾಳಿ ಬರುವ ಕಡೆಯ ಎರಡು ಮೂಲೆ ಹೂಳಿ. ಬಾಗಿಲು ಗಾಳಿಗೆ ಬೆನ್ನು ಮಾಡಲಿ. ದಿಬ್ಬದ ನೆತ್ತಿ ಬೇಡ, ಕಡಿದಾದ ಇಳಿಜಾರಿನ ಬುಡವೂ ಬೇಡ: ಅಲ್ಲಿ ಮರಳು ಜಾರಿ ಬೀಳುತ್ತದೆ. ತೀರಾ ತಗ್ಗಿಗೆ ಹೋದರೆ ತಣ್ಣನೆ ಗಾಳಿ ಅಲ್ಲೇ ಮಡುಗಟ್ಟುತ್ತದೆ. ಎಸೆದರೆ ತಾನೇ ಬಿಚ್ಚಿಕೊಳ್ಳುವ ಟೆಂಟುಗಳಿಗೆ ದುಡ್ಡು ಹಾಕಬೇಡಿ, ಜೋರು ಗಾಳಿಗೆ ಅವು ತಡೆಯುವುದು ಕಷ್ಟ.

ಚಳಿ ಹೆಚ್ಚಾಗಿ ಏರುವುದು ನೆಲದಿಂದ. ಫೋಮ್ ಹಾಸಿ ಅದರ ಮೇಲೆ ಕೌದಿ, ಹೊದೆಯಲು ಉಣ್ಣೆ ಕಂಬಳಿ.

ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ ಐದು ಲೀಟರ್ ನೀರು. ಒಂದೇ ದೊಡ್ಡ ಕ್ಯಾನಿನಲ್ಲಿ ಬೇಡ, ಸೋರಿದರೆ ಎಲ್ಲವೂ ಹೋಯಿತು. ಊಟಕ್ಕೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಸಾಕು.

ಬೂಟು ಟೆಂಟಿನೊಳಗಿರಲಿ, ಬೆಳಿಗ್ಗೆ ಕೊಡವಿ ಹಾಕಿಕೊಳ್ಳಿ. ಚೇಳಿನ ಜೊತೆ ಗರಗಸ ಮಂಡಲ ಎಂಬ ವಿಷದ ಹಾವೂ ಇರುವ ನೆಲ ಅದು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಕಚ್ಚಿದ ಅಂಗ ಅಲುಗಾಡದಂತೆ ನೋಡಿಕೊಂಡು ನೇರವಾಗಿ ಜೈಸಲ್ಮೇರ್ ಆಸ್ಪತ್ರೆಗೆ ಒಯ್ಯಿರಿ.