ನೆರಳು 12 ಗಂಟೆಗೆ ಯಾಕೆ ಚಿಕ್ಕದಾಗಲಿಲ್ಲ?

ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ವಿಜ್ಞಾನ, ಗಣಿತ ನನ್ನ ವಿಷಯ. ಆದರೆ ನಮ್ಮಂಥ ಶಾಲೆಗಳಲ್ಲಿ ಒಬ್ಬರು ರಜೆ ಹಾಕಿದರೆ, ಇನ್ನೊಬ್ಬರು ತರಬೇತಿಗೆ ಹೋದರೆ, ಸಮಾಜವೂ ನಮ್ಮದೇ, ಕನ್ನಡವೂ ನಮ್ಮದೇ.

ಮೊದಲು ಸೋತ ಕಥೆ ಹೇಳಿಬಿಡುತ್ತೇನೆ. ಮಕ್ಕಳಲ್ಲಿ ಕುತೂಹಲ ಹುಟ್ಟಿಸಬೇಕು ಅಂತ ಒಂದು ವರ್ಷ ಜ್ವಾಲಾಮುಖಿ ಮಾಡಿದೆ. ಮಣ್ಣಿನ ಗುಡ್ಡ, ಅಡುಗೆ ಸೋಡಾ, ವಿನೆಗರ್, ಮೇಲೆ ಒಂದು ಚಿಟಿಕೆ ಕುಂಕುಮ. ನೊರೆ ಉಕ್ಕಿತು. ಇಡೀ ತರಗತಿ ಚಪ್ಪಾಳೆ ತಟ್ಟಿತು. ಯಾರಿಗಾದರೂ ಪ್ರಶ್ನೆ ಇದೆಯಾ ಅಂತ ಕೇಳಿದೆ. ಒಬ್ಬನೇ ಕೈ ಎತ್ತಿದ. "ಇನ್ನೊಂದ್ಸಲ ಮಾಡಿ ಮಿಸ್."

ಅದು ಪ್ರಶ್ನೆ ಅಲ್ಲ, ಅಲ್ವಾ? ಜಾತ್ರೆಯಲ್ಲಿ ಜಾದೂ ನೋಡಿದವರು ಹೇಳುವ ಮಾತು.

ಆಮೇಲೆ ಒಂದು ಭಾನುವಾರ ಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ನಡುವೆ ಯಾರದೋ ಫೋನ್ ಬಂತು, ಕಾವಲಿ ಜಾಸ್ತಿ ಕಾದುಬಿಟ್ಟಿತು. ನೀರು ಚಿಮುಕಿಸಿದರೆ ಚುಂಯ್ ಅನ್ನಲೇ ಇಲ್ಲ. ಹನಿಗಳು ಗೋಲಿ ಥರ ಉಂಡೆಯಾಗಿ ಕಾವಲಿ ತುಂಬ ಓಡಾಡಿದವು. ಇದನ್ನು ಎಷ್ಟು ಸಲ ನೋಡಿದ್ದೇನೋ, ಲೆಕ್ಕವಿಲ್ಲ. ಅವತ್ತು ಮಾತ್ರ ಒಲೆ ಆರಿಸಿ ಸುಮ್ನೆ ನಿಂತೆ.

ಮರುದಿನ ಬಿಸಿಯೂಟದ ಅಕ್ಕನನ್ನು ಕೇಳಿ ಒಂದು ಒಲೆ ಬಿಡಿಸಿಕೊಂಡೆ. ಮಕ್ಕಳನ್ನು ದೂರ ನಿಲ್ಲಿಸಿ ಕೇಳಿದೆ: ಹದವಾಗಿ ಕಾದ ಕಾವಲಿ ಮೇಲೆ ಹನಿ ಬೇಗ ಆರುತ್ತದಾ, ಹೊಗೆಯಾಡುವಷ್ಟು ಕಾದದ್ದರ ಮೇಲಾ? ಇದೂ ಒಂದು ಪ್ರಶ್ನೆನಾ ಅನ್ನುವ ಮುಖ ಎಲ್ಲರದ್ದು. ಜಾಸ್ತಿ ಕಾದದ್ದರ ಮೇಲೆ, ಇನ್ನೇನು. ಹದವಾಗಿ ಕಾದ ಕಾವಲಿಯಲ್ಲಿ ಹನಿ ಎರಡು ಎಣಿಸುವಷ್ಟರಲ್ಲಿ ಮಾಯವಾಯಿತು. ಹೊಗೆಯಾಡುತ್ತಿದ್ದ ಕಾವಲಿಯಲ್ಲಿ ಇಪ್ಪತ್ತು ಎಣಿಸಿದರೂ ಓಡಾಡುತ್ತಲೇ ಇತ್ತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. "ಏನೋ ಮೋಸ ಐತೆ ಮಿಸ್" ಅಂದ ಒಬ್ಬ. ಎಣ್ಣೆ ಜಿಡ್ಡಿರಬೇಕು ಅಂದಳು ಇನ್ನೊಬ್ಬಳು. ಕಾವಲಿ ಆರಿದ ಮೇಲೆ ಅವಳೇ ಬೂದಿ ಹಾಕಿ ಉಜ್ಜಿ ತಂದಳು. ಮತ್ತೆ ಕಾಯಿಸಿದರೆ ಮತ್ತದೇ.

ಎರಡು ದಿನ ನಾನು ಉತ್ತರ ಹೇಳಲಿಲ್ಲ. ನನಗೆ ಇದೇ ಕಷ್ಟದ ಭಾಗ, ಟೀಚರ್‌ಗಳ ಬಾಯಿ ಅಷ್ಟು ಸುಲಭಕ್ಕೆ ಮುಚ್ಚುವುದಿಲ್ಲ. ವಿಷಯ ಇಷ್ಟೇ. ಕಾವಲಿ ಸುಮಾರು 200 ಡಿಗ್ರಿ ದಾಟಿದಾಗ, ತಾಗಿದ ಕೂಡಲೇ ಹನಿಯ ತಳ ಆವಿಯಾಗುತ್ತದೆ. ಉಳಿದ ಹನಿ ಆ ಆವಿಯ ಮೇಲೆ ತೇಲುತ್ತದೆ. ಆವಿ ಬಿಸಿಯನ್ನು ಬೇಗ ದಾಟಿಸುವುದಿಲ್ಲ, ಹಾಗಾಗಿ ಹನಿ ಬದುಕಿಕೊಳ್ಳುತ್ತದೆ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲಿ ಇದನ್ನು ಬರೆದಿಟ್ಟ, ಅವನ ಹೆಸರೇ ಉಳಿಯಿತು. ನಮ್ಮ ಅಜ್ಜಿಯರು ದೋಸೆ ಹುಯ್ದರು, ಬರೆದಿಡಲಿಲ್ಲ.

ಅವತ್ತು ನನಗೆ ಹೊಳೆದದ್ದು ಇದು: ಮಕ್ಕಳು ನೋಡದೇ ಇರುವುದನ್ನು ತೋರಿಸಿದರೆ ಬಾಯಿ ಬಿಟ್ಟು ನೋಡುತ್ತಾರೆ. ದಿನಾ ನೋಡಿ "ನಂಗೊತ್ತು" ಅಂದುಕೊಂಡದ್ದು ಕೈಕೊಟ್ಟರೆ ಮಾತ್ರ ಕೇಳಲು ಶುರು ಮಾಡುತ್ತಾರೆ. ಅಂದಿನಿಂದ ನಾನು ಹುಡುಕುವುದು ಎರಡನೆಯದನ್ನೇ.

ಹಾಗೆ ಸಿಕ್ಕಿದ್ದು ನೆರಳು. ಮಧ್ಯಾಹ್ನ 12 ಗಂಟೆಗೆ ಸೂರ್ಯ ನೆತ್ತಿಯ ಮೇಲೆ ಇರುತ್ತಾನೆ ಅಂತ ಎಲ್ಲರೂ ಹೇಳುತ್ತೇವೆ, ನಾನೂ ಹೇಳಿಕೊಂಡೇ ಬಂದಿದ್ದೆ. ಅಳೆದು ನೋಡೋಣ ಅಂದೆ. ಮೈದಾನದಲ್ಲಿ ಒಂದು ಮೀಟರ್ ಉದ್ದದ ಕೋಲು ನೆಟ್ಟೆವು. ಗಾರೆ ಕೆಲಸದವರ ಮಗ ಒಬ್ಬನಿದ್ದಾನೆ, ಓದಿನಲ್ಲಿ ಹಿಂದೆ ಅಂತ ಎಲ್ಲರೂ ಬರೆದುಕೊಂಡಿದ್ದ ಹುಡುಗ, ಅವನು ಅಪ್ಪನ ತೂಗುಗುಂಡು ತಂದು ಕೋಲು ನೆಟ್ಟಗಿದೆಯಾ ಅಂತ ನಾಲ್ಕೂ ಕಡೆಯಿಂದ ನೋಡಿ, ನಾನು ನೆಟ್ಟದ್ದು ಸೊಟ್ಟ ಅಂತ ಕಿತ್ತು ತಾನೇ ನೆಟ್ಟ. ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಕಲ್ಲು ಇಡುತ್ತಾ ಹೋದೆವು.

ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರಂದು ಮಧ್ಯಾಹ್ನ ನೆಟ್ಟ ಕೋಲಿನ ನೆರಳು ಪೂರ್ತಿ ಮಾಯವಾಗುತ್ತದೆ, ಶೂನ್ಯ ನೆರಳಿನ ದಿನ. ನಮ್ಮಲ್ಲಿ ಒಂದು ದಿನ ಆಚೀಚೆ. ಏಪ್ರಿಲ್‌ನಲ್ಲಿ ರಜೆ. ಆಗಸ್ಟ್‌ನಲ್ಲಿ ಆ ಎರಡು ದಿನ ಮೋಡ ಕವಿದು ಕೋಲೂ ಕಾಣದಂತೆ ಜಿಟಿಜಿಟಿ ಮಳೆ. ಮಕ್ಕಳು ನನ್ನನ್ನೇ ಬೈಯುವಂತೆ ನೋಡಿದರು. ಮೂರನೇ ದಿನ ಬಿಸಿಲು ಬಂತು, ನೆರಳು ಬೆರಳಿನಷ್ಟೂ ಇರಲಿಲ್ಲ. ಆದರೆ ತೀರಾ ಚಿಕ್ಕದಾದದ್ದು 12ಕ್ಕಲ್ಲ. 12:25ಕ್ಕೆ.

"ನಮ್ ಗಡಿಯಾರ ಸುಳ್ಳಾ ಮಿಸ್?"

ವಿಜ್ಞಾನದ ಪೀರಿಯಡ್ ಅಲ್ಲಿಗೆ ಸಮಾಜದ ಪೀರಿಯಡ್ ಆಯಿತು. ಭಾರತದ ನಕ್ಷೆ ಇಳಿಸಿದೆವು. ದೇಶಕ್ಕೆಲ್ಲ ಒಂದೇ ಸಮಯ, ಅದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ. ನಾವಿರುವುದು ಸುಮಾರು 77 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷ. ಗುಣಿಸಿದರೆ 22 ನಿಮಿಷ. ರೇಖಾಂಶದ ಲೆಕ್ಕವನ್ನು ನಾನು ಎಷ್ಟು ವರ್ಷ ಪಾಠ ಮಾಡಿದ್ದೇನೋ, ಯಾವ ಮಗುವೂ ಅದನ್ನು ತಾನಾಗಿ ಮಾಡಿದ್ದು ನೋಡಿರಲಿಲ್ಲ. ಅವತ್ತು ಹಲಗೆಗೆ ಜಗಳ ಬಿತ್ತು. ಅಳೆದದ್ದು 25, ಲೆಕ್ಕ 22, ಮೂರು ನಿಮಿಷ ಎಲ್ಲಿ ಹೋಯಿತು ಅಂತ ಒಬ್ಬಳು ಬಿಡಲಿಲ್ಲ. ಅಳತೆಯಲ್ಲಿ ಅಷ್ಟೋ ಇಷ್ಟೋ ತಪ್ಪಾಗುತ್ತಮ್ಮ ಅಂದೆ. ಈ ಮಾತಿಗೆ ಆಮೇಲೆ ಬರುತ್ತೇನೆ.

ಒನಕೆಯ ವಿಷಯ ಸ್ವಲ್ಪ ಸೂಕ್ಷ್ಮ. 2019ರ ಡಿಸೆಂಬರ್ 26ರಂದು ಸೂರ್ಯಗ್ರಹಣ, ಬೆಳಗ್ಗೆ 8ರಿಂದ ಸುಮಾರು 11ರವರೆಗೆ. ಮಂಗಳೂರು, ಕೊಡಗಿನ ಕಡೆ ಕಂಕಣ ಕಂಡಿತು. ನಮ್ಮಲ್ಲಿ ಪಾರ್ಶ್ವ, ಆದರೂ ಸೂರ್ಯನ ಬಹುಪಾಲು ಮುಚ್ಚಿತ್ತು. ಶಾಲೆಗೆ ಬಂದಿದ್ದವರು ಬೆರಳೆಣಿಕೆಯ ಮಕ್ಕಳು. ಹೊಂಗೆ ಮರದ ಕೆಳಗೆ ದಿನಾ ದುಂಡಗೆ ಬೀಳುವ ಬಿಸಿಲಿನ ಚುಕ್ಕಿಗಳೆಲ್ಲ ಅವತ್ತು ಕುಡುಗೋಲಿನ ಆಕಾರಕ್ಕೆ ತಿರುಗಿದ್ದವು. ಎಲೆಗಳ ಸಂದಿಯಲ್ಲಿ ಬರುವ ಪ್ರತಿ ಚುಕ್ಕಿಯೂ ಸೂರ್ಯನ ಚಿತ್ರವೇ ಅಂತ ನಾನು ಹೇಳುವ ಮೊದಲೇ ಒಂದು ಹುಡುಗಿ ನೆಲ ನೋಡಿ, ತಲೆ ಎತ್ತದೆ, "ಅವ್ನೇ ಇಲ್ಲಿ ಬಿದ್ದವ್ನೆ" ಅಂದಳು.

ಮರುದಿನ ಉಳಿದವರೆಲ್ಲ ಬಂದು ಹೇಳಿದ್ದು ಒಂದೇ ಕಥೆ. ತಟ್ಟೆಯಲ್ಲಿ ನೀರಿಟ್ಟು ಒನಕೆ ನಿಲ್ಲಿಸಿದರಂತೆ, ನಿಂತಿತಂತೆ, ಗ್ರಹಣ ಬಿಟ್ಟ ಮೇಲೆ ಬಿತ್ತಂತೆ. ಅದೆಲ್ಲ ಮೂಢನಂಬಿಕೆ ಅನ್ನಬಹುದಿತ್ತು. ಅಂದರೆ ಅವರು ನನ್ನ ಮುಂದೆ ಹೂಂ ಅಂದು ಮನೆಯಲ್ಲಿ ಅಜ್ಜಿಗೆ ಹೂಂ ಅನ್ನುತ್ತಾರೆ. ಬದಲಿಗೆ ಒಂದೇ ಕೇಳಿದೆ: ಬೇರೆ ದಿನ ಯಾರಾದರೂ ನಿಲ್ಲಿಸಿ ನೋಡಿದ್ದೀರಾ? ಯಾರೂ ನೋಡಿರಲಿಲ್ಲ. ಮುಂದಿನ ವಾರ ಮೂರು ಒನಕೆ ಬಂದವು. ಎರಡು ನಿಂತವು, ನೀರಿದ್ದರೂ, ಇಲ್ಲದಿದ್ದರೂ. ಮೂರನೆಯದರ ತಳ ಕುಟ್ಟಿ ಕುಟ್ಟಿ ದುಂಡಗಾಗಿತ್ತು, ಎಷ್ಟು ಹೆಣಗಿದರೂ ನಿಲ್ಲಲಿಲ್ಲ. ತಳ ಸಮ ಇರಬೇಕು, ಭಾರ ಆ ತಳದ ಒಳಗೇ ಬೀಳಬೇಕು ಅನ್ನುವುದನ್ನು ಅವರೇ ಕಂಡುಕೊಂಡರು. ಒಬ್ಬ ಪೋಷಕರು ಬಂದು, ಮಕ್ಕಳಿಗೆ ದೊಡ್ಡವರ ಮೇಲೆ ಅಗೌರವ ಕಲಿಸುತ್ತಿದ್ದೀರಿ ಅಂತ ಬೇಜಾರು ಮಾಡಿಕೊಂಡರು. ಕೂರಿಸಿ, ಟೀ ಕೊಟ್ಟು, ಅವರ ಕೈಗೂ ಒನಕೆ ಕೊಟ್ಟೆ. ನಿಲ್ಲಿಸಿದರು. ನಕ್ಕರು, ಆದರೆ ಪೂರ್ತಿ ಒಪ್ಪಲಿಲ್ಲ.

ಗಣಿತಕ್ಕೆ ಚುಕ್ಕಿ ರಂಗೋಲಿ ಸಾಕು. 1, 3, 5, 7, 5, 3, 1, ಒಟ್ಟು 25 ಚುಕ್ಕಿ. ಅದನ್ನು ಓರೆಯಾಗಿ ನೋಡಿದರೆ 16ರ ಒಂದು ಚೌಕ, ಅದರ ಸಂದಿನಲ್ಲಿ 9ರ ಇನ್ನೊಂದು ಚೌಕ ಅಡಗಿ ಕೂತಿರುತ್ತದೆ. ಆಮ್ಲ, ಪ್ರತ್ಯಾಮ್ಲಕ್ಕೆ ಆರತಿ ನೀರು. ಅರಿಶಿನಕ್ಕೆ ಸುಣ್ಣ ಹಾಕಿದರೆ ಕೆಂಪು, ನಿಂಬೆ ಹಿಂಡಿದರೆ ಮತ್ತೆ ಹಳದಿ.

ಇತಿಹಾಸಕ್ಕೆ ಊರಾಚೆಯ ವೀರಗಲ್ಲು. ಮಕ್ಕಳು ದಿನಾ ಅದರ ಮೇಲೆ ಬ್ಯಾಗ್ ಒರಗಿಸುತ್ತಿದ್ದರು. ಇದರಲ್ಲಿ ಒಂದು ಕಥೆ ಇದೆ, ಓದಿ ಅಂದೆ. ಮೇಲಿಂದ ಓದಿದರು, ತಲೆಬುಡ ಇಲ್ಲ. ಕೆಳಗಿಂದ ಓದಿ ನೋಡಿ ಅಂದೆ. ಕೆಳಗೆ ಹಸುಗಳು, ಕಾಳಗ. ನಡುವೆ ಸತ್ತವನನ್ನು ಅಪ್ಸರೆಯರು ಒಯ್ಯುವುದು. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತವನು. ಎಲ್ಲಕ್ಕಿಂತ ಮೇಲೆ ಸೂರ್ಯ ಚಂದ್ರ. ಹಸು ಕದಿಯಲು ಬಂದವರ ಜೊತೆ ಆದ ಹೋರಾಟಕ್ಕೆ ತುರುಗಾಳಗ ಅನ್ನುತ್ತಾರೆ, ತುರು ಅಂದರೆ ಹಸು ಅಂದೆ. "ಹಂಗಾದ್ರೆ ತುರುವೇಕೆರೆ?" ಅಂತ ಹಿಂದಿನಿಂದ ಒಂದು ದನಿ. ಅತ್ತೆ ಮನೆ ತುರುವೇಕೆರೆಯಲ್ಲಿರುವ ಹುಡುಗನಿಗೆ ಆ ಕೆಲಸ ಹಚ್ಚಿದೆ.

ಎಲ್ಲ ಪಾಠಕ್ಕೂ ಹೀಗೆ ಮಾಡಲು ಆಗುವುದಿಲ್ಲ, ನಾನು ಮಾಡುವುದೂ ಇಲ್ಲ. ತಿಂಗಳಿಗೆ ಒಂದೋ ಎರಡೋ. ತಪಾಸಣೆಗೆ ಬಂದವರು ಒಮ್ಮೆ ಮೈದಾನದ ಕೋಲು ನೋಡಿ, ಪಾಠ ಎಲ್ಲಿಗೆ ಬಂತು ಮೇಡಂ ಅಂದರು. ಎರಡು ಪಾಠ ಹಿಂದೆ ಇದ್ದದ್ದು ನಿಜ.

ಇನ್ನು ಆ ಮೂರು ನಿಮಿಷ. ಫೆಬ್ರವರಿಯಲ್ಲಿ, ಪರೀಕ್ಷೆಯ ಗಡಿಬಿಡಿಯಲ್ಲಿ, ಅದೇ ಹುಡುಗಿ ಮತ್ತೆ ಅಳೆಯೋಣ ಅಂದಳು. ನೆರಳು ಚಿಕ್ಕದಾದದ್ದು 12:35 ದಾಟಿದ ಮೇಲೆ. ಅಳತೆಯ ತಪ್ಪು ಹದಿಮೂರು ಹದಿನಾಲ್ಕು ನಿಮಿಷ ಆಗುತ್ತದಾ? ರಾತ್ರಿ ಕೂತು ಓದಿದೆ. ಭೂಮಿ ಸೂರ್ಯನನ್ನು ಸುತ್ತುವ ದಾರಿ ಪೂರ್ತಿ ದುಂಡಗಿಲ್ಲ, ಅಕ್ಷವೂ ವಾಲಿದೆ. ಹಾಗಾಗಿ ಸೂರ್ಯನ ಮಧ್ಯಾಹ್ನ ಫೆಬ್ರವರಿಯಲ್ಲಿ 14 ನಿಮಿಷ ತಡ, ನವೆಂಬರ್ ಮೊದಲ ವಾರದಲ್ಲಿ 16 ನಿಮಿಷ ಬೇಗ. ಆಗಸ್ಟ್‌ನ ಮೂರು ನಿಮಿಷವೂ ಅದೇ. ಇಷ್ಟು ವರ್ಷ ವಿಜ್ಞಾನ ಹೇಳಿದವಳಿಗೆ ಇದು ಗೊತ್ತಿರಲಿಲ್ಲ.

ಬೆಳಗ್ಗೆ ಹೋಗಿ, ಅವತ್ತು ನಾನು ಹೇಳಿದ್ದು ತಪ್ಪು ಅಂದೆ. ಯಾಕೆ ಅಂತ ಮಾತ್ರ ಇನ್ನೂ ಹೇಳಿಲ್ಲ. ಗಾರೆ ಕೆಲಸದವರ ಮಗನಿಗೆ ಈಗಲೂ ಕೋಲಿನ ಮೇಲೇ ಅನುಮಾನ, ದಿನಾ ಊಟದ ಬಿಡುವಿನಲ್ಲಿ ಹೋಗಿ ನೋಡಿ ಬರುತ್ತಾನೆ. ತೂಗುಗುಂಡನ್ನು ಅಪ್ಪನಿಗೆ ಇನ್ನೂ ವಾಪಸ್ ಕೊಟ್ಟಿಲ್ಲವಂತೆ.